ಓದುಗರ ಪ್ರಶ್ನೆ: ‘ನೀವಾಗಿಯೇ ಬಿಟ್ಟುಬಿಡಿ’ ಅಂದರೆ ಏನು ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸಾಫ್ಟ್‌ವೇರ್, ಟೆಸ್ಟಿಂಗ್, ಸಪೋರ್ಟ್ ಕೆಲಸದಲ್ಲಿರುವವರನ್ನು ಕಂಪನಿಗಳು ಹೊರಗೆ ಹಾಕುವ ರೀತಿ. ಕೆಲಸ ಹೋಗಿದ್ದಕ್ಕಿಂತ ಅದು ಹೋದ ರೀತಿಗೇ ಎಲ್ಲರಿಗೂ ಜಾಸ್ತಿ ನೋವಾಗಿದೆ. ಹೆಸರು, ಕಂಪನಿ ಎಲ್ಲ ತೆಗೆದು ಪತ್ರಗಳನ್ನು ಚಿಕ್ಕದು ಮಾಡಿ ಹಾಕಿದ್ದೇನೆ.

ಪ್ರಶ್ನೆ: ‘ಐದು ನಿಮಿಷ ಮಾತಾಡೋಣ’ ಅಂತ ಮ್ಯಾನೇಜರ್ ಕಾಲ್‌ಗೆ ಕರೆದರು. ನೋಡಿದರೆ ಎಚ್‌ಆರ್ ಕೂಡ ಇದ್ದರು. ಇವತ್ತೇ ರಾಜೀನಾಮೆ ಮೇಲ್ ಹಾಕಿದರೆ ಎರಡು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್ ಕೊಡುತ್ತೇವೆ, ಇಲ್ಲಾಂದ್ರೆ ‘ಟರ್ಮಿನೇಟೆಡ್’ ಅಂತ ರೆಕಾರ್ಡ್‌ಗೆ ಹೋಗುತ್ತೆ, ಮುಂದೆ ಎಲ್ಲೂ ಕೆಲಸ ಸಿಗಲ್ಲ ಅಂದರು. ಗಾಬರಿಯಾಗಿ ಅವರು ಹೇಳಿದ ಹಾಗೇ ಮೇಲ್ ಹಾಕಿಬಿಟ್ಟೆ. ನಾನು ದಡ್ಡತನ ಮಾಡಿದೆನಾ? ನನ್ನ ಟೀಮಿನ ಇನ್ನೂ ಕೆಲವರಿಗೆ ಇದೇ ಕಾಲ್ ಬರುವ ಹಾಗಿದೆ.

ದಡ್ಡತನ ಅಲ್ಲ. ಆ ಕಾಲ್‌ನಲ್ಲಿ ಇಬ್ಬರು ತಯಾರಿ ಮಾಡಿಕೊಂಡು ಬಂದಿದ್ದರು, ನೀವು ಯಾವುದೋ ಬಗ್ (ಸಾಫ್ಟ್‌ವೇರ್ ದೋಷ) ಬಗ್ಗೆ ಕೇಳಬಹುದು ಅಂದುಕೊಂಡು ಹೋಗಿದ್ದಿರಿ. ಯಾರಾದರೂ ತಡವರಿಸುತ್ತಾರೆ.

ಅವರಿಗೆ ನಿಮ್ಮನ್ನು ತೆಗೆಯುವ ಅಧಿಕಾರ ಇದೆ ಅಂತಾದರೆ ತೆಗೆಯಬಹುದಿತ್ತಲ್ಲ, ನಿಮ್ಮ ಕೈಯಿಂದ ರಾಜೀನಾಮೆ ಯಾಕೆ ಬೇಕಿತ್ತು? ಇಲ್ಲೇ ಇರೋದು ಸಂಗತಿ. ಕಂಪನಿ ತೆಗೆದರೆ ಕಂಪನಿಗೆ ಜವಾಬ್ದಾರಿ ಬರುತ್ತದೆ. ನೀವೇ ಬಿಟ್ಟರೆ ಅದರಲ್ಲಿ ಬಹುಪಾಲು ಇಲ್ಲ. ಅಮೆರಿಕದಲ್ಲಿ 1988ರ ವಾರ್ನ್ ಕಾಯ್ದೆ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಸಂಖ್ಯೆಯಲ್ಲಿ ಜನರನ್ನು ತೆಗೆಯುವ ಮೊದಲು 60 ದಿನದ ನೋಟಿಸ್ ಕೊಡಬೇಕು. ಆದರೆ ತಾವಾಗಿಯೇ ಬಿಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ ಕಾನೂನಿನ ಕಣ್ಣಿಗೆ ಕಾರ್ಮಿಕ ಅನ್ನಿಸಿಕೊಂಡವರನ್ನು ಹೆಚ್ಚುವರಿ ಅಂತ ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಅದೂ ಇಲ್ಲ. ಹಾಗಾಗಿ ಎರಡು ತಿಂಗಳ ಸಂಬಳ ಅನ್ನೋದು ಉದಾರತೆ ಅಂತ ಅಂದುಕೊಳ್ಳಬೇಡಿ. ನಿಮಗೆ ನಿಜವಾಗಿ ಎಷ್ಟು ಬರಬೇಕಿತ್ತು ಅಂತ ಲೆಕ್ಕ ಹಾಕಿ ನೋಡಿ, ಆಮೇಲೆ ಹೇಳಿ.

ನಿಮ್ಮ ಮೇಲ್‌ನಲ್ಲಿ ಒಂದು ಮಾತು ಇದೆ, ‘ವೈಯಕ್ತಿಕ ಕಾರಣಗಳಿಂದ’ ಅಂತ. ಅದನ್ನು ಅವರೇ ಹೇಳಿ ಬರೆಸಿದರು ಅಂತ ನೀವೇ ತಿಳಿಸಿದ್ದೀರಿ. ಆ ಎರಡು ಪದಕ್ಕೋಸ್ಕರವೇ ಇಡೀ ಕಾಲ್ ನಡೆದದ್ದು. ಈಗ ತಡ ಮಾಡದೆ ಇನ್ನೊಂದು ಮೇಲ್ ಬರೆಯಿರಿ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರು ಇದ್ದ ಕಾಲ್‌ನಲ್ಲಿ ನನಗೆ ಹೀಗೆ ಹೇಳಲಾಯಿತು, ರಾಜೀನಾಮೆ ನನ್ನ ಇಚ್ಛೆಯಿಂದ ಕೊಟ್ಟಿದ್ದಲ್ಲ, ಅದನ್ನು ವಾಪಸ್ ಪಡೆಯುತ್ತಿದ್ದೇನೆ. ಇಷ್ಟೇ. ಕೋಪದ ಮಾತು ಬೇಡ. ಕಂಪನಿ ಮೇಲ್ ಮುಚ್ಚಿದ್ದರೆ ನಿಮ್ಮ ಸ್ವಂತ ಮೇಲ್‌ನಿಂದ ಕಳಿಸಿ. ಒಪ್ಪಿಗೆ ಪತ್ರ ಬರುವ ಮೊದಲು ರಾಜೀನಾಮೆ ವಾಪಸ್ ಪಡೆಯಲು ಹಲವು ಕಡೆ ಅವಕಾಶ ಇದೆ. ಬಂದಿದ್ದರೂ ಈ ಮೇಲ್ ವ್ಯರ್ಥ ಅಲ್ಲ. ಕಾರ್ಮಿಕ ಕಾನೂನು ನೋಡುವ ವಕೀಲರ ಹತ್ತಿರ ಹೋದಾಗ ಅವರು ಮೊದಲು ಕೇಳುವುದೇ, ‘ಆಗಲೇ ಏನಾದರೂ ಬರೆದಿದ್ದೀರಾ?’ ಅಂತ.

ನಿಮ್ಮ ಟೀಮಿನವರಿಗೆ ಹೇಳಿ, ಆ ಕಾಲ್‌ನಲ್ಲಿ ಆಡಬೇಕಾದ್ದು ಒಂದೇ ಮಾತು: ‘ನೀವು ಹೇಳಿದ್ದನ್ನು ಬರೆದು ಕಳಿಸಿ, ಓದಿ ಉತ್ತರ ಕೊಡುತ್ತೇನೆ.’ ಎಷ್ಟು ಒತ್ತಾಯ ಮಾಡಿದರೂ ಅದೇ ಮಾತು. ವಾದ ಬೇಡ, ಅತ್ತು ಕೇಳಿಕೊಳ್ಳುವುದೂ ಬೇಡ. ಅಮೆರಿಕದಲ್ಲಿ 40 ತುಂಬಿದ ನೌಕರ ವಯಸ್ಸಿನ ತಾರತಮ್ಯದ ದೂರು ಹಾಕುವ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕಾದರೆ, ಯೋಚಿಸಲು 21 ದಿನ ಕೊಡಬೇಕು ಅಂತ 1990ರ ಕಾನೂನು ಹೇಳುತ್ತದೆ. ಗುಂಪಾಗಿ ತೆಗೆಯುವಾಗ 45 ದಿನ. ಸಹಿ ಹಾಕಿದ ಮೇಲೂ ಮನಸ್ಸು ಬದಲಾಯಿಸಲು 7 ದಿನ. ಜರ್ಮನಿಯಲ್ಲಂತೂ ಕೆಲಸದಿಂದ ತೆಗೆಯುವುದಾಗಲಿ, ರಾಜೀನಾಮೆಯಾಗಲಿ, ಕಾಗದದ ಮೇಲೆ ಕೈಯಾರೆ ಸಹಿ ಇಲ್ಲದಿದ್ದರೆ ಊರ್ಜಿತವೇ ಅಲ್ಲ, ಮೇಲ್ ನಡೆಯುವುದಿಲ್ಲ. ಇಷ್ಟು ಯೋಚನೆ ಮಾಡಿ ಸಮಯ ಇಟ್ಟ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಅಂದರೆ, ಆ ಅವಸರ ಯಾರಿಗೆ ಅನುಕೂಲ ಅಂತ ಗೊತ್ತಾಗುತ್ತದೆ ಅಲ್ವಾ.

ಇನ್ನು ‘ಎಲ್ಲೂ ಕೆಲಸ ಸಿಗಲ್ಲ’ ಅನ್ನುವ ಮಾತು. ಹೊಸ ಕಂಪನಿಯವರು ವಿಚಾರಿಸುವಾಗ ಸಾಮಾನ್ಯವಾಗಿ ಕೇಳುವುದು ಯಾವಾಗ ಸೇರಿದರು, ಯಾವಾಗ ಬಿಟ್ಟರು, ಯಾವ ಹುದ್ದೆ ಅಂತ. ಕೆಲವರು ಕಾರಣವನ್ನೂ ಕೇಳುತ್ತಾರೆ. ಹಾಗಾಗಿ ಹೊರಡುವ ಮೊದಲೇ, ‘ಯಾರಾದರೂ ಕೇಳಿದರೆ ಏನು ಹೇಳುತ್ತೀರಿ’ ಅಂತ ಬರವಣಿಗೆಯಲ್ಲಿ ಪಡೆದುಕೊಳ್ಳಿ. ‘ಹುದ್ದೆ ಕಡಿತ’ ಅಂತ ಬರೆದುಕೊಟ್ಟರೆ ನಿಮಗೆ ಯಾವ ಕಳಂಕವೂ ಇಲ್ಲ. ಅಷ್ಟು ದೊಡ್ಡ ಬೆದರಿಕೆ ಏನಲ್ಲ ಅದು.

ಪ್ರಶ್ನೆ: ಹೋದ ವರ್ಷ ಒಳ್ಳೆಯ ರೇಟಿಂಗ್, ಬೋನಸ್ ಎಲ್ಲ ಬಂತು. ಹೊಸ ಮ್ಯಾನೇಜರ್ ಬಂದ ಮೂರನೇ ತಿಂಗಳಿಗೆ 30 ದಿನದ ಪಿಐಪಿಗೆ (ಗುರಿ, ಗಡುವು ಕೊಟ್ಟು ಕೆಲಸ ಸುಧಾರಿಸಿಕೊಳ್ಳಿ ಅನ್ನುವ ಯೋಜನೆ) ಹಾಕಿದ್ದಾರೆ. ಪ್ರತಿ ಇಟ್ಟಿದ್ದೇನೆ, ನೋಡಿ. ನಾನು ಕಷ್ಟಪಟ್ಟು ಕೆಲಸ ಮಾಡಿದರೆ ಪಾಸಾಗಬಹುದಾ?

ಸುಧಾರಿಸಲಿ ಅಂತಲೇ ಪಿಐಪಿ ಕೊಡುವ ಮ್ಯಾನೇಜರ್‌ಗಳೂ ಇದ್ದಾರೆ, ಅದರಿಂದ ಹೊರಬಂದು ಅದೇ ಕಂಪನಿಯಲ್ಲಿ ಉಳಿದವರೂ ಇದ್ದಾರೆ. ಆದರೆ ನೀವು ಕಳಿಸಿದ ಕಾಗದ ಓದಿದೆ. ಅದು ಆ ಬಗೆಯದಲ್ಲ.

ಮೊದಲನೇ ಗುರಿ ನೋಡಿ: ‘ಕೆಲಸದಲ್ಲಿ ಹೆಚ್ಚು ಓನರ್‌ಶಿಪ್ ತೋರಿಸಬೇಕು.’ ಅಂದರೆ ಕೆಲಸ ತನ್ನದೇ ಅಂತ ಹೊಣೆ ಹೊರುವುದು. ಇದನ್ನು ಅಳೆಯುವುದು ಹೇಗೆ? ತೋರಿಸಿದರು ಅಂತಲೂ ಹೇಳಬಹುದು, ತೋರಿಸಲಿಲ್ಲ ಅಂತಲೂ ಹೇಳಬಹುದು, ಎರಡೂ ಮ್ಯಾನೇಜರ್ ಬಾಯಲ್ಲೇ ಇದೆ. ಎರಡನೆಯದು: ‘ಮುಂದಿನ ರಿಲೀಸ್‌ನಲ್ಲಿ ಒಂದೂ ಬಗ್ ಇರಬಾರದು.’ ಆ ರಿಲೀಸ್‌ಗೆ, ಅಂದರೆ ಹೊರಬರುವ ಹೊಸ ಆವೃತ್ತಿಗೆ, ನಿಮ್ಮ ಜೊತೆ ಇನ್ನೂ ಮೂವರ ಕೋಡ್ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಮೇಲಾಗಿ ರಿಲೀಸ್ ಇರೋದು ಆರು ವಾರದ ನಂತರ, ಪಿಐಪಿ ಮುಗಿಯುವುದು ನಾಲ್ಕು ವಾರಕ್ಕೆ. ಮೂರನೆಯದು: ‘ಕ್ಲೈಂಟ್‌ನಿಂದ ಒಳ್ಳೆಯ ಫೀಡ್‌ಬ್ಯಾಕ್ ತರಬೇಕು.’ ಕ್ಲೈಂಟ್ ಕಾಲ್‌ಗಳಿಂದ ನಿಮ್ಮನ್ನು ತೆಗೆದು ಒಂದು ತಿಂಗಳಾಗಿದೆ! ಇದು ನಿಮ್ಮನ್ನು ಸುಧಾರಿಸಲು ಬರೆದ ಕಾಗದ ಅಲ್ಲ. ಕೊನೆಗೆ ‘ಅವಕಾಶ ಕೊಟ್ಟೆವು, ಆಗಲಿಲ್ಲ’ ಅಂತ ಫೈಲ್‌ನಲ್ಲಿ ಇರಲಿ ಅಂತ ಬರೆದದ್ದು.

ಆದ್ದರಿಂದ ಇವತ್ತಿನಿಂದಲೇ ಬೇರೆ ಕೆಲಸ ಹುಡುಕಿ. ಫಲಿತಾಂಶಕ್ಕೆ ಕಾಯುತ್ತಾ ಕೂತರೆ ಆ 30 ದಿನವೂ ಹೋಗುತ್ತದೆ. ಹಗಲು ರಾತ್ರಿ ಕೂತು ಆರೋಗ್ಯ ಹಾಳು ಮಾಡಿಕೊಳ್ಳಬೇಡಿ, ನಿಮ್ಮ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿ, ಸಾಕು. ಕಾಗದಕ್ಕೆ ಸಹಿ ಕೇಳಿದರೆ, ‘ಸ್ವೀಕರಿಸಿದ್ದೇನೆ, ಇದರಲ್ಲಿರುವುದನ್ನು ಒಪ್ಪಿಲ್ಲ’ ಅಂತ ಸಹಿಯ ಪಕ್ಕದಲ್ಲಿ ಬರೆಯಿರಿ. ಮೂರೂ ಗುರಿಗಳ ಬಗ್ಗೆ ನಾನು ಮೇಲೆ ಕೇಳಿದ ಪ್ರಶ್ನೆಗಳನ್ನೇ ಮೇಲ್‌ನಲ್ಲಿ ವಿನಯವಾಗಿ ಕೇಳಿ. ಪ್ರತಿ ವಾರದ ಮಾತುಕತೆ ಆದ ಮೇಲೆ ಏನು ಮಾಡಿದೆ, ಅವರು ಏನಂದರು ಅಂತ ನಾಲ್ಕು ಸಾಲು ಕಳಿಸಿ. ಉತ್ತರ ಬರದಿದ್ದರೂ ಕಳಿಸುತ್ತಿರಿ.

ಒಳ್ಳೆಯ ಕೆಲಸಗಾರನೂ ಯಾಕೆ ಇದಕ್ಕೆ ಸಿಕ್ಕಿಬೀಳುತ್ತಾನೆ ಅಂತ ಕೇಳಿದ್ದೀರಿ. ಇದರ ಬೇರು ಹಳೆಯದು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾಕ್ ವೆಲ್ಚ್ ನೌಕರರನ್ನು ಮೇಲಿನ 20, ನಡುವಿನ 70, ಕೆಳಗಿನ 10 ಶೇಕಡಾ ಅಂತ ಭಾಗ ಮಾಡುವ ಪದ್ಧತಿ ಜನಪ್ರಿಯ ಮಾಡಿದರು. ಕೆಳಗಿನವರು ಹೊರಡಬೇಕು. ಒಂದು ಟೀಮಿನಲ್ಲಿ ಹತ್ತೂ ಜನ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬರು ಕೆಳಗೆ ಬೀಳಲೇಬೇಕು. ಪಕ್ಕದವನಿಗೆ ಸಹಾಯ ಮಾಡಿದರೆ ನಾನು ಬೀಳುತ್ತೇನೆ ಅನ್ನುವ ಭಯ ಬರುತ್ತದೆ. ಮೈಕ್ರೋಸಾಫ್ಟ್ ಇಂಥದೇ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಬೇರೆ ಕಡೆ ಹೆಸರು ಬದಲಾಯಿತು, ಲೆಕ್ಕ ಉಳಿಯಿತು. 2025ರ ಜನವರಿಯಲ್ಲಿ ಮೆಟಾ ಸುಮಾರು ಶೇ 5 ನೌಕರರನ್ನು ಕಡಿಮೆ ಸಾಧನೆಯ ಹೆಸರಲ್ಲಿ ತೆಗೆಯುವುದಾಗಿ ಪ್ರಕಟಿಸಿತು. ಜನರಿಗಿಂತ ಮೊದಲು ಶೇಕಡಾವಾರು ತೀರ್ಮಾನ ಆಗಿತ್ತು, ಗಮನಿಸಿ. ‘ಖರ್ಚು ಕಡಿಮೆ ಮಾಡುತ್ತಿದ್ದೇವೆ’ ಅಂದರೆ ಅದು ಕಂಪನಿಯ ವಿಷಯ. ‘ಇವರು ಕೆಲಸಕ್ಕೆ ಬಾರದವರು’ ಅಂದರೆ ಆ ಹಣೆಪಟ್ಟಿ ಹೊತ್ತುಕೊಂಡು ಇಂಟರ್‌ವ್ಯೂಗೆ ಹೋಗಬೇಕಾದ್ದು ನೌಕರ. ಇದು ನನಗೆ ತುಂಬಾ ಸಿಟ್ಟು ತರಿಸುವ ಸಂಗತಿ.

ಪ್ರಶ್ನೆ: ಹೊಸಬರಿಬ್ಬರಿಗೆ ಕೆಟಿ (ನನ್ನ ಕೆಲಸ ಕಲಿಸಿಕೊಡುವುದು) ಕೊಡಿ ಅಂದಿದ್ದಾರೆ. ಅವರು ನನ್ನ ಜಾಗಕ್ಕೇ ಬಂದವರು ಅಂತ ಅನುಮಾನ. ಕೊಡದೆ ಇರಬಹುದಾ?

ಕೊಡಿ. ಕೊಡದಿದ್ದರೆ ಅದನ್ನೇ ಕಾರಣ ಮಾಡಿ ತೆಗೆಯುತ್ತಾರೆ. ಆದರೆ ನೇರವಾಗಿ ಕೇಳಿ: ‘ಇದಾದ ಮೇಲೆ ನನ್ನ ಕೆಲಸ ಏನು?’ ಉತ್ತರ ಮೇಲ್‌ನಲ್ಲಿ ಬರಲಿ. 2014-15ರಲ್ಲಿ ಡಿಸ್ನಿಯ ಒರ್ಲ್ಯಾಂಡೊ ಕಚೇರಿಯಲ್ಲಿ ಸುಮಾರು 250 ಮಂದಿ ತಂತ್ರಜ್ಞಾನ ನೌಕರರ ಕೆಲಸ ಹೋಯಿತು. ಅವರಲ್ಲಿ ಹಲವರು ಹೋಗುವ ಮೊದಲು ತಮ್ಮ ಜಾಗಕ್ಕೆ ಬಂದ ಹೊರಗುತ್ತಿಗೆ ನೌಕರರಿಗೆ ಕೆಲಸ ಕಲಿಸಿಕೊಟ್ಟರು. ಆ ಹೊಸಬರ ಮೇಲೆ ಮಾತ್ರ ಕೋಪ ಬೇಡ. ಅವರಿಗೂ ಯಾರೂ ಏನೂ ಹೇಳಿರುವುದಿಲ್ಲ, ನಿಮ್ಮ ಮುಖ ನೋಡಿದ ಮೇಲೇ ಅವರಿಗೂ ಗೊತ್ತಾಗೋದು.

ಪ್ರಶ್ನೆ: ನನ್ನನ್ನು ಯಾರೂ ತೆಗೆದಿಲ್ಲ. ಆದರೆ ನಾಲ್ಕು ತಿಂಗಳಿಂದ ಕೆಲಸ ಇಲ್ಲ. ಮೊದಲು ಮೀಟಿಂಗ್‌ಗಳಿಂದ ಹೆಸರು ಹೋಯಿತು, ಆಮೇಲೆ ಕೋಡ್ ನೋಡುವ ಅನುಮತಿ ಹೋಯಿತು. ಈಗ ಹಳೆಯ ಡಾಕ್ಯುಮೆಂಟ್‌ಗಳಲ್ಲಿ ಅಕ್ಷರ ತಪ್ಪು ತಿದ್ದಿ ಅಂತ ಹೇಳಿದ್ದಾರೆ. ಮನೆಯಿಂದ ಕೆಲಸ ಮಾಡುತ್ತಿದ್ದೆ, ಅದನ್ನೂ ನಿಲ್ಲಿಸಿದರು. ಹದಿಮೂರು ವರ್ಷದ ಅನುಭವ ನನಗೆ. ಸಂಬಳ ಬರುತ್ತಿದೆಯಲ್ಲ, ಸುಮ್ನೆ ಇರು ಅಂತಾರೆ ಮನೆಯವರು. ರಾತ್ರಿ ನಿದ್ದೆ ಬರಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ಆಗುತ್ತಿರುವುದು ಕಲ್ಪನೆ ಅಲ್ಲ, ನೀವು ಅತಿ ಸೂಕ್ಷ್ಮದವರೂ ಅಲ್ಲ. ಇದು ಬೇರೆ ಬೇರೆ ದೇಶಗಳಲ್ಲಿ ನಡೆದು, ದಾಖಲಾಗಿರುವ ಪದ್ಧತಿ.

ಜಪಾನಿನಲ್ಲಿ ಕಾಯಂ ನೌಕರರನ್ನು ತೆಗೆಯುವುದು ಕಾನೂನಿನ ಪ್ರಕಾರ ಕಷ್ಟ. ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಬೇಡವಾದವರನ್ನು ಕೆಲಸವೇ ಇಲ್ಲದ ವಿಭಾಗಕ್ಕೆ ಹಾಕುತ್ತಿದ್ದದ್ದು ಸುಮಾರು 2012-13ರಲ್ಲಿ ಪತ್ರಿಕೆಗಳಲ್ಲಿ ಬಂತು. ಅದಕ್ಕೆ ಜನರೇ ‘ಓಡಿಸುವ ಕೋಣೆ’ ಅಂತ ಅರ್ಥ ಬರುವ ಹೆಸರಿಟ್ಟಿದ್ದಾರೆ. ಬೇಸರ ಬಂದು ತಾವಾಗಿಯೇ ಹೋಗಲಿ ಅಂತ.

ಫ್ರಾನ್ಸಿನದು ಇನ್ನೂ ಘೋರ. ಫ್ರಾನ್ಸ್ ಟೆಲಿಕಾಂ ಕಂಪನಿಗೆ 2006ರಿಂದ 2008ರ ಒಳಗೆ 22,000 ಜನರನ್ನು ಕಡಿಮೆ ಮಾಡಬೇಕಿತ್ತು. ಅಲ್ಲಿ ಬಹಳಷ್ಟು ನೌಕರರಿಗೆ ಸರಕಾರಿ ನೌಕರರ ರಕ್ಷಣೆ ಇತ್ತು, ಸುಲಭವಾಗಿ ತೆಗೆಯಲು ಆಗುತ್ತಿರಲಿಲ್ಲ. ಹಾಗಾಗಿ ಮನಸ್ಸಿಗೆ ಬಂದ ಹಾಗೆ ವರ್ಗಾವಣೆ, ಅನುಭವಕ್ಕೆ ಸಂಬಂಧವೇ ಇಲ್ಲದ ಕೆಲಸ, ಕೆಲಸವೇ ಇಲ್ಲದೆ ಕೂರಿಸುವುದು, ಇವೆಲ್ಲ ನಡೆದವು. ಅವರು ಬಾಗಿಲಿಂದಾದರೂ ಹೋಗಲಿ, ಕಿಟಕಿಯಿಂದಾದರೂ ಹೋಗಲಿ ಅನ್ನುವ ಅರ್ಥದ ಮಾತನ್ನು ಮುಖ್ಯಸ್ಥ ಡಿಡಿಯೆ ಲೊಂಬಾರ್ 2006ರಲ್ಲಿ ಮೇಲಧಿಕಾರಿಗಳ ಮುಂದೆ ಆಡಿದ್ದರು. ಹಲವು ನೌಕರರು ಜೀವ ಕಳೆದುಕೊಂಡರು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಯನ್ನೂ ಅದರ ಹಿಂದಿನ ಮುಖ್ಯಸ್ಥರನ್ನೂ ತಪ್ಪಿತಸ್ಥರು ಅಂತ ತೀರ್ಪು ಕೊಟ್ಟಿತು. ಯಾರೋ ಒಬ್ಬ ಕೆಟ್ಟ ಮ್ಯಾನೇಜರ್ ಕೊಟ್ಟ ಕಿರುಕುಳ ಅಂತ ಬಿಡಲಿಲ್ಲ, ಸಂಸ್ಥೆಯ ನೀತಿಯೇ ಕಿರುಕುಳ ಅಂತ ಹೇಳಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2025ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು.

ಇದನ್ನು ಇಷ್ಟು ಉದ್ದ ಬರೆದದ್ದು ಯಾಕೆ ಅಂದರೆ, ನಿಮ್ಮ ಮನೆಯವರೂ ಇದನ್ನು ಓದಲಿ ಅಂತ. ಸಂಬಳ ಬರುತ್ತಿದೆ ನಿಜ. ಆದರೆ ಬೆಳಿಗ್ಗೆ ಲಾಗಿನ್ ಆಗಿ ಖಾಲಿ ಕ್ಯಾಲೆಂಡರ್ ನೋಡುತ್ತಾ ಎಂಟು ಗಂಟೆ ಕೂರುವುದು ಆರಾಮ ಅಲ್ಲ, ಮನುಷ್ಯನನ್ನು ಒಳಗಿಂದ ತಿನ್ನುವ ಕೆಲಸ ಅದು. ನಿದ್ದೆ ಹೋಗಿ ಎಷ್ಟು ದಿನ ಆಯಿತೋ ಗೊತ್ತಿಲ್ಲ, ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಕಚೇರಿಯಲ್ಲಿ ನಡೆಯುತ್ತಿರುವುದನ್ನೂ ಅವರಿಗೆ ಹೇಳಿ, ಅದು ಅವರ ಚೀಟಿಯಲ್ಲಿ ದಾಖಲಾಗಲಿ.

ಆಮೇಲೆ ಕೂತು ಬರೆಯಿರಿ. ಯಾವ ದಿನ ಯಾವ ಮೀಟಿಂಗ್‌ನಿಂದ ತೆಗೆದರು, ಯಾವ ದಿನ ಅನುಮತಿ ಹೋಯಿತು, ಯಾರನ್ನು ಕೇಳಿದಿರಿ, ಏನಂದರು. ವಾರಕ್ಕೊಮ್ಮೆ ಮ್ಯಾನೇಜರ್‌ಗೆ ‘ನನ್ನ ಹತ್ತಿರ ಕೆಲಸ ಇಲ್ಲ, ಇಂಥ ಇಂಥ ಕೆಲಸ ಮಾಡಬಲ್ಲೆ, ಕೊಡಿ’ ಅಂತ ಮೇಲ್ ಹಾಕಿ. ನಾಳೆ ‘ಇವರು ನಾಲ್ಕು ತಿಂಗಳಿಂದ ಏನೂ ಮಾಡಿಲ್ಲ’ ಅಂತ ಹೇಳಲು ಬಂದರೆ ಈ ಮೇಲ್‌ಗಳು ಅಡ್ಡ ನಿಲ್ಲುತ್ತವೆ. ಇಂಥ ಸ್ಥಿತಿಯಲ್ಲಿ ಬೇಸತ್ತು ಬಿಟ್ಟವರನ್ನೂ ‘ತೆಗೆದ ಹಾಗೆಯೇ’ ಅಂತ ಪರಿಗಣಿಸುವ ಕಾನೂನು ಬ್ರಿಟನ್ನಿನಲ್ಲಿದೆ, ಬೇರೆ ಕೆಲವು ದೇಶಗಳಲ್ಲೂ ಇದೆ. ಆದರೆ ಸಾಬೀತು ಮಾಡಬೇಕಾದ್ದು ನೌಕರನೇ. ಅದಕ್ಕೇ ವಕೀಲರನ್ನು ಕೇಳದೆ ರಾಜೀನಾಮೆ ಕೊಡಬೇಡಿ. ಬೇರೆ ಕೆಲಸ ಸಿಕ್ಕರೆ ಮಾತ್ರ ಯೋಚಿಸದೆ ಹೊರಡಿ. ಕೇಸ್ ಗೆಲ್ಲುವುದಕ್ಕಿಂತ ನೀವು ಚೆನ್ನಾಗಿರುವುದು ಮುಖ್ಯ.

ಪ್ರಶ್ನೆ: ‘ನಿಮ್ಮ ಹುದ್ದೆಯೇ ರದ್ದಾಗಿದೆ, ಆ ಕೆಲಸ ಈಗ ಎಐ ಮಾಡುತ್ತೆ’ ಅಂತ ಕಳಿಸಿದರು. ಮೂರು ವಾರಕ್ಕೆ ಅದೇ ಕೆಲಸಕ್ಕೆ ಬೇರೆ ಹೆಸರಲ್ಲಿ ಜಾಹೀರಾತು ಹಾಕಿದ್ದಾರೆ!

ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಈಗಲೇ. ನಿಮ್ಮ ಹಳೆಯ ಕೆಲಸದ ವಿವರ ಇರುವ ಪತ್ರ ಇದ್ದರೆ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಹುದ್ದೆ ರದ್ದು ಅಂತ ಹೇಳಿ ಅದೇ ಹುದ್ದೆಗೆ ಇನ್ನೊಬ್ಬರನ್ನು ತಂದರೆ ಅದು ರದ್ದಾಗಿರಲಿಲ್ಲ ಅಂತಲೇ ಅರ್ಥ, ಬ್ರಿಟನ್ನಿನಂಥ ಕಡೆ ಇದೇ ಅಂಶದ ಮೇಲೆ ಕೇಸ್ ಹಾಕಬಹುದು. ಭಾರತದಲ್ಲಿ ಕಾರ್ಮಿಕ ಅನ್ನುವ ವ್ಯಾಖ್ಯೆಗೆ ಬರುವವರನ್ನು ಹೀಗೆ ಕಡಿತ ಮಾಡಿದ್ದರೆ, ಮತ್ತೆ ಜನ ಬೇಕಾದಾಗ ಅವರಿಗೆ ಮೊದಲ ಆದ್ಯತೆ ಕೊಡಬೇಕು ಅಂತ ಕಾನೂನಿದೆ. ಆ ಜಾಹೀರಾತಿಗೆ ನೀವೇ ಅರ್ಜಿ ಹಾಕಿ. ಕೆಲಸ ಸಿಗುತ್ತೆ ಅಂತಲ್ಲ. ಅವರು ಕೊಡುವ ಉತ್ತರ, ಅಥವಾ ಕೊಡದೆ ಇರುವುದು, ನಿಮ್ಮ ಫೈಲ್‌ಗೆ ಬೇಕು.

ಪ್ರಶ್ನೆ: ನಾನು ಟೀಮ್ ಮ್ಯಾನೇಜರ್. ಎಂಟು ಜನರಲ್ಲಿ ಇಬ್ಬರ ಹೆಸರು ಕೊಡಿ ಅಂತ ಮೇಲಿನಿಂದ ಬಂದಿದೆ. ಅಷ್ಟೇ ಆಗಿದ್ದರೆ ಕೊಡುತ್ತಿದ್ದೆನೇನೋ. ಅವರ ಹೋದ ಆರು ತಿಂಗಳ ರೇಟಿಂಗ್ ಕೂಡ ಕಡಿಮೆ ಮಾಡಿ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. ಒಬ್ಬರು ಹೆರಿಗೆ ರಜೆಯಿಂದ ಈಗಷ್ಟೇ ಬಂದವರು. ನಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ ಅಲ್ವಾ?

ಮಾಡಬಹುದು. ಆದರೂ ನೀವು ಮಾಡಬೇಡಿ. ಟೀಮಿನಲ್ಲಿ ಜನ ಕಡಿಮೆ ಮಾಡುವುದು ಕಂಪನಿಯ ತೀರ್ಮಾನ, ಕಷ್ಟದ್ದಾದರೂ ಸುಳ್ಳಲ್ಲ. ಆದರೆ ಆಗಿಹೋದ ಕೆಲಸಕ್ಕೆ ಈಗ ಕೂತು ಕೆಟ್ಟ ಅಂಕ ಹಾಕುವುದು ಸುಳ್ಳು ದಾಖಲೆ. ಅದರ ಕೆಳಗೆ ಇರುವುದು ನಿಮ್ಮ ಹೆಸರು. ಹೆರಿಗೆ ರಜೆಯಿಂದ ಬಂದವರ ವಿಷಯ ನಾಳೆ ನ್ಯಾಯಾಲಯಕ್ಕೆ ಹೋದರೆ, ಬಾಯಿಮಾತಲ್ಲಿ ಹೇಳಿದವರು ‘ನಾನು ಹೇಳೇ ಇಲ್ಲ’ ಅಂತಾರೆ. ಬಾಯಿಮಾತಲ್ಲಿ ಹೇಳಿದ್ದೇ ಅದಕ್ಕೆ.

ಮೇಲಿನವರಿಗೆ ಒಂದು ಮೇಲ್ ಬರೆಯಿರಿ: ‘ನಿನ್ನೆ ಮಾತಾಡಿದ ಹಾಗೆ ಹಳೆಯ ರೇಟಿಂಗ್ ಬದಲಿಸಬೇಕು ಅಂತಾದರೆ, ಯಾವ ಆಧಾರದ ಮೇಲೆ ಅಂತ ತಿಳಿಸಿ.’ ಅಲ್ಲಿಗೆ ಬಹಳ ಸಲ ವಿಷಯ ತಣ್ಣಗಾಗುತ್ತದೆ, ಯಾಕೆಂದರೆ ಬರವಣಿಗೆಯಲ್ಲಿ ಅದನ್ನು ಹೇಳಲು ಯಾರೂ ತಯಾರಿರುವುದಿಲ್ಲ. ತಣ್ಣಗಾಗದಿದ್ದರೆ ನಿಮ್ಮ ಕೆಲಸಕ್ಕೂ ತೊಂದರೆ ಬರಬಹುದು, ಅದನ್ನು ಮುಚ್ಚಿಡಲ್ಲ. ಜನರನ್ನು ಕಳಿಸಲೇಬೇಕು ಅಂತಾದರೆ ‘ಹುದ್ದೆ ಕಡಿತ’ ಅಂತಲೇ ಕಳಿಸಿ, ಕೊಡಬೇಕಾದ್ದು ಪೂರ್ತಿ ಕೊಡಿ ಅಂತ ಅವರ ಪರವಾಗಿ ಪಟ್ಟು ಹಿಡಿಯಿರಿ.

ಪ್ರಶ್ನೆ: ಕೆಲಸ ಹೋಗುವ ಸೂಚನೆ ಕಾಣುತ್ತಿದೆ. ಈಗಿಂದಲೇ ಏನೇನು ತೆಗೆದಿಟ್ಟುಕೊಳ್ಳಬೇಕು?

ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರೇಟಿಂಗ್ ಮತ್ತು ಇಂಕ್ರಿಮೆಂಟ್ ಪತ್ರ, ಉಳಿದ ರಜೆಯ ಲೆಕ್ಕ, ವಿಮೆಯ ಕಾಗದ. ಇವೆಲ್ಲ ಕಂಪನಿಯ ಪೋರ್ಟಲ್‌ನಲ್ಲೇ ಇವೆ, ಯಾವಾಗ ಬೇಕಾದರೂ ತೆಗೆಯಬಹುದು ಅಂದುಕೊಂಡಿರುತ್ತೇವೆ. ಆದರೆ ಮೊದಲು ಮುಚ್ಚುವುದೇ ಆ ಬಾಗಿಲು. ಎಷ್ಟೋ ಸಲ ಕಾಲ್ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಲಾಕ್ ಆಗಿರುತ್ತದೆ. ಷೇರು ಕೊಡುತ್ತೇವೆ ಅಂದಿದ್ದರೆ ಆ ಒಪ್ಪಂದದ ಪ್ರತಿಯನ್ನೂ ಇಟ್ಟುಕೊಳ್ಳಿ, ಯಾವ ತಾರೀಖಿಗೆ ನಿಮ್ಮ ಕೈಸೇರುತ್ತದೆ ಅಂತ ಗುರುತು ಹಾಕಿ. ಸಾಮಾನ್ಯವಾಗಿ ಮೊದಲ ಕಂತು ಒಂದು ವರ್ಷ ತುಂಬಿದ ಮೇಲೆ. ಅದಕ್ಕೆ ಸ್ವಲ್ಪ ದಿನ ಮೊದಲು ಕಳಿಸಿದರೆ ಕಂಪನಿಗೆ ಅಷ್ಟು ಉಳಿಯುತ್ತದೆ, ಹಾಗಾದಾಗ ಆ ತಾರೀಖನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡಬಹುದು.

ಕೋಡ್, ಗ್ರಾಹಕರ ಮಾಹಿತಿ, ಕಂಪನಿಯ ಡಾಕ್ಯುಮೆಂಟ್ ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ನೀವು ಬರೆದ ಕೋಡ್ ಆದರೂ ಅಷ್ಟೇ. ಅಷ್ಟು ಮಾಡಿದರೆ ಅಲ್ಲಿಯವರೆಗೆ ಕಾರಣ ಹುಡುಕುತ್ತಿದ್ದವರಿಗೆ ನೀವೇ ಕಾರಣ ಕೊಟ್ಟ ಹಾಗಾಗುತ್ತದೆ, ಪರಿಹಾರವೂ ಇಲ್ಲ.

ಕೊನೆಯ ಲೆಕ್ಕ ಎಷ್ಟು ದಿನದಲ್ಲಿ ಆಗಬೇಕು ಅಂತಲೂ ಕೇಳಿದ್ದೀರಿ. ಭಾರತದ 2019ರ ವೇತನ ಸಂಹಿತೆ ಪ್ರಕಾರ, ತೆಗೆದರೂ ಸರಿ, ರಾಜೀನಾಮೆ ಕೊಟ್ಟರೂ ಸರಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ‘45 ದಿನ ಆಗುತ್ತೆ, ನಮ್ಮ ಪಾಲಿಸಿ’ ಅಂದರೆ ಈ ಕಾನೂನಿನ ಹೆಸರು ಬರೆದು ಒಂದು ಮೇಲ್ ಹಾಕಿ. ಆಗಲೂ ಬರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.